ಬೀಗರಿಗೆ ಬಿದ್ದ ಹದಿನೇಳು

ನಂಜನಗೂಡಿನ ಅಮೃತೇಶನ ಪ್ರೆಸ್ಸಿನಲ್ಲಿ ಅಚ್ಚಾದ ಲಗ್ನಪತ್ರಿಕೆಗಳನ್ನು ಒಂದಕ್ಕೊಂದು ಅಂಟಿಸುತ್ತ ಹೋದರೆ ಮೈಸೂರು ಮುಟ್ಟಿ, ಅಲ್ಲೊಂದು ಕಾಫಿ ಕುಡಿದು, ವಾಪಸ್ಸು ಕಪಿಲೆಯ ದಂಡೆಗೆ ಬರಬಹುದು. ಅದರಲ್ಲಿ ಅರ್ಧ ದಾರಿ ‘ತಮ್ಮ ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗಿನ ಹೆಸರುಗಳೇ. ಬೇರೆ ಪ್ರೆಸ್ಸಿನವರು ಜಾಗ ಸಾಲದೆಂದು ಒಂದಿಬ್ಬರು ಚಿಕ್ಕಪ್ಪಂದಿರನ್ನು ಬಿಟ್ಟು ಮದುವೆಮನೆಗೆ ಬೆಂಕಿ ಹಚ್ಚಿಬಿಡುತ್ತಾರೆ. ಅಮೃತೇಶ ಯಾರನ್ನೂ ಕೈಬಿಟ್ಟವನಲ್ಲ. ಹುಲ್ಲಹಳ್ಳಿ ಕಡೆಯ ಒಂದು ಮನೆತನಕ್ಕೆ ಅವನು ಮಾಡಿಕೊಟ್ಟ ಪತ್ರಿಕೆಯನ್ನು ಬಿಚ್ಚಿ ಮಡಿಸಲು ಇಬ್ಬರು ಆಳು ಬೇಕಾಗಿತ್ತು. ಅದನ್ನು ಓದಿ ಮುಗಿಸುವ ಹೊತ್ತಿಗೆ ಆ ದಂಪತಿಗೆ ಮಗುವಾಗಿ, ನಾಮಕರಣದ ಪತ್ರಿಕೆ ಮಾಡಿಸಲು ಅವರೇ ಮತ್ತೆ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದರು.

ಅಮೃತೇಶನ ಇಡೀ ಬಾಳನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಕಾಗದದ ಮೇಲೆ ಒಂದು ಕೊಂಬು, ಒಂದು ದೀರ್ಘ ತಪ್ಪಿದರೆ ಅವನಿಗೆ ಗಂಟಲಲ್ಲಿ ಅನ್ನ ಇಳಿಯದು. ಮನುಷ್ಯನ ಮುಖ ಎದುರಿಗಿದ್ದರೆ ‘ಇಲ್ಲ’ ಎನ್ನುವ ಮಾತು ಅದೇ ಗಂಟಲಿನಿಂದ ಏಳದು. ಅವನ ಅಂಗಿಗಳ ತೋಳೆಲ್ಲ ಗೇಣುದ್ದ ಗಿಡ್ಡ, ಏಕೆಂದರೆ ಅಳತೆ ತಪ್ಪಿತೆಂದು ಹೇಳಿದರೆ ದರ್ಜಿ ಬೇಸರ ಮಾಡಿಕೊಂಡಾನು. ಅವನ ಬೀದಿಯಲ್ಲಿ ಎದುರುಬದುರಾಗಿ ಎರಡು ಕಟಿಂಗ್ ಶಾಪುಗಳಿವೆ. ಒಂದರಲ್ಲಿ ತಲೆ ಕೊಡುತ್ತಾನೆ, ಇನ್ನೊಂದರಲ್ಲಿ ಗಡ್ಡ. ಒಮ್ಮೆ ಒಂದು ಶಾಪು ವಾರವೆಲ್ಲ ಮುಚ್ಚಿದ್ದಾಗ, ಇನ್ನೊಬ್ಬನಿಗೆ ಎರಡೂ ಕೊಟ್ಟರೆ ಮೊದಲಿನವನಿಗೆ ದ್ರೋಹವಾದೀತೆಂದು ಋಷಿಯ ಹಾಗೆ ಗಡ್ಡ ಬಿಟ್ಟು ಓಡಾಡಿದ. ದೇವಸ್ಥಾನಕ್ಕೆ ಬಂದ ಭಕ್ತರು ಅವನ ಕಾಲಿಗೆ ಬಿದ್ದು ಹೋದರು. ಏಳಿ ಎನ್ನಲೂ ಅವನಿಗೆ ದಾಕ್ಷಿಣ್ಯ.

ಇಂಥವನು ನ್ಯಾಯ ಹೇಳುವ ಪೀಠದಲ್ಲಿ ಕೂತದ್ದು ಒಂದು ಆಟದ ದೆಸೆಯಿಂದ.

ಮೈಸೂರಿನ ಕಾಲೇಜು ಮೇಷ್ಟ್ರೊಬ್ಬರು ಒಂದು ವಿಚಿತ್ರವಾದ ಆಟದ ನಿಯಮಗಳನ್ನು ಕನ್ನಡಕ್ಕೆ ಮಾಡಿ ಅಚ್ಚಿಗೆಂದು ತಂದುಕೊಟ್ಟಿದ್ದರು. ಜೊತೆಗೆ ಒಂದು ಚೀಲದ ತುಂಬ ಬಣ್ಣಬಣ್ಣದ ದಾಳ. ಅಷ್ಟರಲ್ಲಿ ಅವರಿಗೆ ಎಲ್ಲಿಗೋ ವರ್ಗವಾಯಿತು, ಮೇಷ್ಟ್ರು ಮತ್ತೆ ಬರಲೇ ಇಲ್ಲ. ಕರಡು ತಿದ್ದುತ್ತ ತಿದ್ದುತ್ತ ಅಮೃತೇಶನಿಗೆ ಆ ನಿಯಮಗಳು ವಚನಗಳ ಹಾಗೆ ಬಾಯಿಪಾಠವಾದವು.

ಆಟ ಆಡುವುದು ಹೀಗೆ. ಮೇಜಿನ ಸುತ್ತ ಕೂತವರು ಒಬ್ಬೊಬ್ಬರೂ ಒಂದು ಪಾತ್ರ ಕಟ್ಟಿಕೊಳ್ಳಬೇಕು. ಪಾತ್ರಕ್ಕೆ ಒಂದು ಕಸುಬು ಇರಬೇಕು, ಒಂದೇ ಒಂದು. ಕತ್ತಿಯವನು ಮಂತ್ರ ಹೇಳುವಂತಿಲ್ಲ. ಮಂತ್ರದವನು ಕಬ್ಬಿಣದ ಕವಚ ತೊಡುವಂತಿಲ್ಲ. ವೈದ್ಯ ಗಾಯ ಮಾಯಿಸಬಹುದು, ಆದರೆ ಅಲಗಿರುವ ಆಯುಧ ಮುಟ್ಟಕೂಡದು. ಕಳ್ಳನಿಗೆ ಬೀಗ ತೆಗೆಯಲು ಗೊತ್ತು, ಅಡಗಿಸಿಟ್ಟ ಅಪಾಯದ ವಾಸನೆ ಹಿಡಿಯಲು ಗೊತ್ತು, ಎದುರಾ ಎದುರು ಹೊಡೆದಾಟಕ್ಕೆ ಮಾತ್ರ ಅವನು ಬಾರ. ಇವರೆಲ್ಲ ಸೇರಿ ಗುಹೆ, ಕಾಡು, ಪಾಳುಕೋಟೆ ಸುತ್ತುತ್ತಾರೆ. ಕಥೆ ಹೇಳುತ್ತ ಅವರನ್ನು ನಡೆಸುವವನು ಆಡಿಸುವವನು. ಹೊಸ ಪಾತ್ರದ ಆಯಸ್ಸೆಷ್ಟು ಎಂಬುದು, ಆಮೇಲೆ ಬದುಕುವುದು ಸಾಯುವುದು, ಎಲ್ಲ ಇಪ್ಪತ್ತು ಮುಖದ ದಾಳದ ಕೈಲಿ. ಹೆಚ್ಚು ಬಿದ್ದರೆ ಗೆದ್ದೆ, ಕಡಿಮೆ ಬಿದ್ದರೆ ಕೆಟ್ಟೆ. ಸತ್ತ ಪಾತ್ರ ಮತ್ತೆ ಎದ್ದು ಬರುವಂತಿಲ್ಲ.

ಪ್ರೆಸ್ಸಿನ ಹಿಂಭಾಗದಲ್ಲಿ, ಕಾಗದ ಕತ್ತರಿಸುವ ಮೇಜಿನ ಮೇಲೆ, ಭಾನುವಾರ ಮಧ್ಯಾಹ್ನ ಆಟ. ಅಮೃತೇಶ ಆಡಿಸುವವನು. ಅವನ ಮುಂದೆ ಮಿಕ್ಕುಳಿದ ಲಗ್ನಪತ್ರಿಕೆಯ ರಟ್ಟುಗಳನ್ನು ಅಂಟಿಸಿ ಮಾಡಿದ ಒಂದು ಮರೆ. ಆಡುವವರಿಗೆ ಕಾಣುವಂತೆ ಆಚೆ ಬಂಗಾರದ ಬಣ್ಣದ ಗಣಪತಿ, ಈಚೆ ಬರೀ ಬಿಳಿ. ಕೆಲವು ದಾಳಗಳನ್ನು ಆಡುವವರು ನೋಡಕೂಡದು, ಆಡಿಸುವವನೇ ಮರೆಯಲ್ಲಿ ಉರುಳಿಸಿ ಎಷ್ಟು ಬಿತ್ತೆಂದು ಹೇಳಬೇಕು ಎಂಬುದು ನಿಯಮ.

ಅವನು ಬಿದ್ದದ್ದನ್ನು ಬಿದ್ದ ಹಾಗೆಯೇ ಹೇಳುತ್ತಿದ್ದ. ಅದೇ ಅವನ ಬಾಳಿನ ಸುಖವಾಗಿತ್ತು. ಆರು ದಿನ ಊರಿಗೆಲ್ಲ ‘ಆಯ್ತು, ಆಯ್ತು’ ಎನ್ನುವವನು ಭಾನುವಾರ ಆ ಮರೆಯ ಹಿಂದೆ ಕೂತು, ಸ್ವಂತ ಮಗಳು ನಂದಿತಾಳ ಮಂತ್ರವಾದಿಯನ್ನೇ ಹೆಬ್ಬಾವಿನ ಬಾಯಿಗೆ ಹಾಕಿ, “ಮೂರು ಬಿದ್ದಿದೆ ಕಣಮ್ಮ, ದಾಳಕ್ಕೆ ಅಪ್ಪ ಅಮ್ಮ ಇಲ್ಲ” ಎನ್ನುತ್ತಿದ್ದ. ಬಾಳೆಮಂಡಿಯ ಕೃಷ್ಣಕುಮಾರನ ಕತ್ತಿವೀರರು ಸತ್ತು ಸತ್ತು, ಅವರಿಗೇ ಒಂದು ಪ್ರತ್ಯೇಕ ಸ್ಮಶಾನ ಮಂಜೂರು ಮಾಡಿಸಬೇಕಾದ ಸ್ಥಿತಿ ಬಂದಿತ್ತು.

ಬದುಕಿ ಉಳಿದವಳು ಗೌತಮಿಯ ‘ಚುಕ್ಕಿ’ ಒಬ್ಬಳೇ. ಗೌತಮಿ ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಓಡುವ ಸರ್ಕಾರಿ ಬಸ್ಸಿನ ಕಂಡಕ್ಟರ್. ಆಟಕ್ಕೆ ಸೇರಿದ ದಿನ ಕಸುಬು ಯಾವುದೆಂದು ಕೇಳಿದ್ದಕ್ಕೆ, “ಕಳ್ಳಿ ಆಯ್ತೀನಿ ಅಣ್ಣಾ. ವಾರವೆಲ್ಲ ಕಳ್ಳರನ್ನ ಇಡ್ದು ಇಡ್ದು ಸಾಕಾಗೈತೆ, ಭಾನ್ವಾರ ಒಂದಿನ ನಾನೂ ಕದೀತೀನಿ” ಎಂದಿದ್ದಳು. ಚುಕ್ಕಿಯನ್ನು ಅವಳು ಮೂರು ವರ್ಷದಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದಿದ್ದಳು. ಬಸ್ಸಿನ ಕೊನೆಯ ಸೀಟಿನ ಮೂಲೆಯಲ್ಲಿ ಕೂತು ಅವಳಿಗೊಂದು ತಾಯಿ, ಒಂದು ಕುಂಟು ನಾಯಿ, ಕದ್ದ ಮಾಲು ಬಚ್ಚಿಡಲು ಒಂದು ಒಣಬಾವಿ ಎಲ್ಲ ಹುಟ್ಟಿಸಿದ್ದಳು.

ಹೀಗಿರಲು ನಂದಿತಾಳಿಗೆ ಟಿ. ನರಸೀಪುರದ ಮಾದಯ್ಯನವರ ಮಗ ನಂಜುಂಡೇಶನೊಂದಿಗೆ ಮದುವೆ ಗೊತ್ತಾಯಿತು. ಮಾದಯ್ಯನವರದು ಆಲೆಮನೆ. ಅವರು ನಕ್ಕರೆ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಹೆದರಿ ತಾನಾಗಿ ಬೆಲ್ಲವಾಗುತ್ತಿತ್ತು. ಒಂದು ಭಾನುವಾರ ಲಗ್ನಪತ್ರಿಕೆಯ ಕರಡು ನೋಡಲು ಅವರು ಹೇಳದೆ ಕೇಳದೆ ಪ್ರೆಸ್ಸಿಗೇ ಬಂದರು. ಸಂಬಂಧ ಗೊತ್ತಾದ ಮೇಲೆ ಬೀಗರು ಮೊದಲ ಸಲ ಬಂದದ್ದು.

“ಏನ್ ಬೀಗ್ರೇ ಇದು, ಪಗಡೆನಾ?” ಎಂದು ಕುರ್ಚಿ ಎಳೆದುಕೊಂಡರು. ನಂದಿತಾ ಆಟ ವಿವರಿಸಿದಳು. ಕೇಳಿ ಮಾದಯ್ಯನವರ ಕಣ್ಣು ದುಂಡಗಾದವು.

“ನಂಗೂ ಒಂದು ಮನುಸನ ಕೊಡಿ. ಕತ್ತಿ ಇರ್ಲಿ. ಮಂತ್ರನೂ ಇರ್ಲಿ. ಗಾಯಕ್ಕೆ ಔಸ್ದಿ ಕೊಡೋದೂ ಗೊತ್ತಿರ್ಲಿ.”

“ಹಾಗೆ ಬರಲ್ಲ ಮಾವ. ಒಬ್ಬರಿಗೆ ಒಂದೇ ಕಸುಬು” ಎಂದಳು ನಂದಿತಾ.

“ಯಾಕವ್ವ ಬರಲ್ಲ? ನಾನು ಬೆಳಿಗ್ಗೆ ಲಿಂಗಪೂಜೆ ಮಾಡ್ತೀನಿ, ಮಧ್ಯಾನ ಗಾಣ ಓಡಿಸ್ತೀನಿ, ಸಂಜೆ ದನಕ್ಕೆ ಸೂಜಿ ಚುಚ್ತೀನಿ. ಮೂರು ಕಸುಬು ಆಗ್ನಿಲ್ವಾ? ನಿಮ್ಮ ಪುಸ್ತಕ ಬರ್ದೋನು ಸಂಸಾರಸ್ತ ಅಲ್ಲ ಬುಡು.”

ಎಲ್ಲರೂ ನಕ್ಕರು. ಅಮೃತೇಶನೂ ನಕ್ಕು, “ಕತ್ತಿ ಜೊತೆಗೆ ಒಂದು ಮಂತ್ರ ಇರ್ಲಿ ಬಿಡಿ ಬೀಗ್ರೇ, ನಮ್ಮನೆ ಆಟ ತಾನೇ” ಎಂದ. ನಂದಿತಾ ಅಪ್ಪನನ್ನೇ ದಿಟ್ಟಿಸಿದಳು. ತನ್ನ ಮಂತ್ರವಾದಿಗೆ ಒಂದು ಅಡಕೆಕತ್ತರಿ ಕೊಡಲೂ ಒಪ್ಪದ ಮಹಾನುಭಾವ ಇವನೇನಾ ಎಂಬ ನೋಟ ಅದು. ಅಮೃತೇಶ ಕನ್ನಡಕ ತೆಗೆದು ಒರೆಸಿದ. ಮಾದಯ್ಯನವರು ತಮ್ಮ ವೀರನಿಗೆ ‘ಗಜಗಂಭೀರ’ ಎಂದು ಹೆಸರಿಟ್ಟರು.

ಅಂದಿನ ಕಥೆಯಲ್ಲಿ ಒಂದು ಕಮರಿ ಬಂತು. ಅದರ ಮೇಲೆ ಹಗ್ಗದ ಸೇತುವೆ. ಸೇತುವೆಯಲ್ಲಿ ಒಂದು ಸಡಿಲ ಹಲಗೆ, ಅದು ಅಮೃತೇಶನಿಗೆ ಮಾತ್ರ ಗೊತ್ತು. ಒಬ್ಬರು ಬಿದ್ದರೆ ಹಲಗೆಯೂ ಅವರ ಜೊತೆಗೇ ಬಿದ್ದು, ಹಿಂದಿನವರಿಗೆ ಗುಟ್ಟು ತಿಳಿದುಹೋಗುತ್ತಿತ್ತು.

“ತಡೀರಿ ಯಜಮಾನ್ರೇ” ಎಂದಳು ಗೌತಮಿ. “ಚುಕ್ಕಿ ಮೊದಲು ಹಲಗೆ ತಟ್ಟಿ ನೋಡ್ಲಿ. ಅದು ಕಳ್ಳರ ಕೆಲಸ.”

“ಎಣ್ಮಗೀನ ಮುಂದೆ ಬುಟ್ಟು ಇಂದ್ಗಡೆ ನಿಲ್ಲೋನಲ್ಲ ಈ ಗಜಗಂಭೀರ!” ಎಂದು ಮಾದಯ್ಯನವರು ಸೇತುವೆಗೆ ನುಗ್ಗಿಯೇಬಿಟ್ಟರು.

ಅಮೃತೇಶ ಮರೆಯ ಹಿಂದೆ ದಾಳ ಉರುಳಿಸಿದ. ಬಿದ್ದದ್ದು ಒಂದು. ಇಪ್ಪತ್ತು ಮುಖದಲ್ಲಿ ಅದಕ್ಕಿಂತ ಕೆಟ್ಟ ಮುಖವಿಲ್ಲ. ಗಜಗಂಭೀರ ಕಮರಿಯ ಪಾಲು.

ಅವನು ತಲೆ ಎತ್ತಿದ. ಬೀಗರು ಮದುವೆಗಂಡಿನ ಹಾಗೆ ಬಾಯಿ ತೆರೆದು ಕಾಯುತ್ತಿದ್ದರು. ಪ್ರೆಸ್ಸಿಗೆ ಅಂಟಿಕೊಂಡ ಮನೆಯೊಳಗಿನಿಂದ ಹೆಂಡತಿ ಸರ್ವಮಂಗಳಾ ಒಬ್ಬಟ್ಟಿನ ತಟ್ಟೆ ಹಿಡಿದು ಬರುತ್ತಿದ್ದಳು. ಬೀಗರಿಗೆ ಬಡಿಸಿದ ಎಲೆಯಲ್ಲಿ ಉಪ್ಪು ಒಂದು ಮರೆತರೂ ಮೂರು ತಲೆಮಾರು ಆಡಿಕೊಳ್ಳುವ ಸೀಮೆ ಇದು. ಮೊದಲ ಸಲ ಮನೆಗೆ ಬಂದ ಬೀಗರನ್ನು, ಒಬ್ಬಟ್ಟು ಬಾಯಿಗೆ ಬೀಳುವ ಮೊದಲೇ, ಕೊಂದು ಕಳಿಸುವುದುಂಟೇ?

“ಹದಿನೇಳು” ಎಂದ ಅಮೃತೇಶ. “ದಾಟಿದ್ರಿ ಬೀಗ್ರೇ.”

ಮಾದಯ್ಯನವರ ಗರ್ಜನೆಗೆ ಪ್ರೆಸ್ಸಿನ ಹಂಚಿನ ಮೇಲಿದ್ದ ಪಾರಿವಾಳಗಳು ಎದ್ದು ಹೊಳೆಯಾಚೆಗೆ ಹೋದವು. ಇನ್ನೂ ಬಂದಿಲ್ಲ ಎನ್ನುತ್ತಾರೆ. ಅಷ್ಟು ದಪ್ಪನೆಯ ವೀರ ದಾಟಿದ ಮೇಲೆ ಸೇತುವೆ ಗಟ್ಟಿಯೆಂದೇ ಲೆಕ್ಕ. ಗೌತಮಿ ತಟ್ಟಿ ನೋಡದೆ ಚುಕ್ಕಿಯನ್ನು ಹಲಗೆಯ ಮೇಲೆ ನಡೆಸಿದಳು.

ದಾಳ ಮತ್ತೆ ಉರುಳಿತು. ಎರಡು.

ಈಗಲೂ ಅವನು ಹದಿನೇಳು ಎನ್ನಬಹುದಾಗಿತ್ತು. ಆದರೆ ಒಂದು ಸುಳ್ಳಿಗೆ ಬೀಗರ ನೆಪವಾದರೂ ಇತ್ತು, ಇನ್ನೊಂದಕ್ಕೆ ಏನಿದೆ? ನಿಯಮ ಮುರಿದವನಿಗೆ ಆ ಗಳಿಗೆಯಲ್ಲಿ ನಿಯಮದ ಮೇಲೆ ಎಲ್ಲಿಲ್ಲದ ಭಕ್ತಿ ಉಕ್ಕಿ ಬಂತು.

“ಎರಡು” ಎಂದ. “ಹಲಗೆ ಕಿತ್ತುಹೋಯ್ತು ಕಣಮ್ಮ.”

ಗೌತಮಿ ಗಣಪತಿಯ ರಟ್ಟನ್ನೇ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು ನಗಲು ನೋಡಿದಳು. “ಓಗ್ಲಿ ಬುಡಿ ಅಣ್ಣಾ. ಬಿದ್ದಿದ್ದು ಬಿದ್ದಂಗೆ ತಾನೆ.”

ಸರ್ವಮಂಗಳಾ ಅವಳ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು. ಅವಳು ಮುಟ್ಟಲಿಲ್ಲ. ಅಮೃತೇಶನೂ ಮುಟ್ಟಲಿಲ್ಲ. ಗಜಗಂಭೀರ ಮಾತ್ರ ಎಲ್ಲರ ಪಾಲಿನದ್ದನ್ನೂ ತಿಂದು ಊರಿಗೆ ಹೋದ.

ಆ ವಾರ ಅಮೃತೇಶನಿಗೆ ಕೆಲಸ ಕೈಗೆ ಹತ್ತಲಿಲ್ಲ. ಒಂದು ಗೃಹಪ್ರವೇಶದ ಪತ್ರಿಕೆಗೆ ವೈಕುಂಠ ಸಮಾರಾಧನೆಯ ಒಕ್ಕಣೆ ಹಾಕಿ, ಮನೆಯವರು ಒಳಗೆ ಕಾಲಿಡುವ ಮೊದಲೇ ಅವರನ್ನು ಮೇಲಕ್ಕೆ ಕಳಿಸಿಬಿಟ್ಟಿದ್ದ. ಯಾಕೆ ಎಂದರೆ ಯಾರಿಗೆ ಹೇಳುವುದು? ಐವತ್ತು ದಾಟಿದ ಗಂಡಸು ಇಲ್ಲದ ಸೇತುವೆಯಿಂದ ಇಲ್ಲದ ಕಳ್ಳಿಯನ್ನು ಬೀಳಿಸಿದ್ದಕ್ಕೆ ತಲೆ ತಗ್ಗಿಸಿ ಓಡಾಡುತ್ತಿದ್ದಾನೆ ಎಂದರೆ, ಊರು ಅವನನ್ನು ನಿಮ್ಹಾನ್ಸಿಗೆ ಹತ್ತಿಸಿ ಟಾಟಾ ಮಾಡೀತು. ನಾಚಿಕೆಗೆ ಮಾತ್ರ ಇದ್ದದ್ದು ಇಲ್ಲದ್ದು ಎಂಬ ಭೇದ ತಿಳಿಯಲೊಲ್ಲದು. ಅದು ಕನ್ನಡಿಯ ಮುಂದೆ ನಿಂತಾಗಲೆಲ್ಲ ‘ಹದಿನೇಳು’ ಎನ್ನುತ್ತಿತ್ತು.

ತಿದ್ದಿದ ಕರಡನ್ನು ಬೀಗರಿಗೆ ತೋರಿಸಲು ಗುರುವಾರ ಟಿ. ನರಸೀಪುರದ ಬಸ್ಸು ಹತ್ತಿದ. ಬೇಕೆಂದೇ ಗೌತಮಿಯ ಬಸ್ಸನ್ನೇ ಕಾದು ಹತ್ತಿದ್ದ. ದಾರಿಯಲ್ಲಿ ಹೇಗಾದರೂ ಹೇಳಿಬಿಡಬೇಕು ಎಂದು ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡು ಕೂತ.

“ಅಣ್ಣಾ, ನೀವಾ!” ಎಂದು ಗೌತಮಿ ಟಿಕೆಟ್ ಕೊಟ್ಟು, ಪಕ್ಕದ ಸೀಟಿನ ಮುದುಕಿಯ ಕಡೆ ತಿರುಗಿದಳು. “ಕೆಂಪಾಜಮ್ಮ, ಆವತ್ತು ಯೋಳ್ತಿದ್ನಲ್ಲ, ನಮ್ ಚುಕ್ಕಿ ಸತ್ತೋದ್ಳು ಅಂತ. ಆಟ ಆಡ್ಸೋರು ಇವರೇ ಕಣಮ್ಮೋ.”

“ಸೇತ್ವೆಯಿಂದ ಬಿದ್ಲಲ್ಲ, ಆ ಮಗಾನಾ?” ಎಂದಳು ಕೆಂಪಾಜಮ್ಮ, ಅಮೃತೇಶನನ್ನು ಮೇಲಿಂದ ಕೆಳಗೆ ನೋಡುತ್ತ. “ಅಂತಾ ಮುರುಕ್ಲು ಸೇತ್ವೆ ಕಟ್ಟುಸ್ದೋನ ಬಾಯ್ಗೆ ಮಣ್ಣಾಕ!”

ಕಟ್ಟಿಸಿದವನು ಅವಳ ಎದುರಿಗೇ ಕೂತು ಕರಡನ್ನು ಮಡಿಸುತ್ತಿದ್ದ.

“ಇವರನ್ನ ಅನ್ಬ್ಯಾಡಿ” ಎಂದಳು ಗೌತಮಿ, ಇಡೀ ಬಸ್ಸಿಗೆ ಕೇಳುವ ಕಂಡಕ್ಟರ್ ದನಿಯಲ್ಲಿ. “ಡಿಪೋದಲ್ಲೂ ಎಲ್ಲಾರೂ ಅದೇ ಅಂದ್ರು, ಮೂರು ವರ್ಸದ ಪಾತ್ರ, ಅಷ್ಟು ಬೇಕಾದೋರು, ಒಂದ್ಸಲ ಬುಟ್ಟುಬುಡ್ಬೋದಿತ್ತು ಅಂತ. ನಾನಂದೆ, ನಮ್ಮಣ್ಣ ಅಂತೋರಲ್ಲ. ಸ್ವಂತ ಮಗಳ್ನೇ ಬುಟ್ಟೋರಲ್ಲ. ದಾಳ ಏನ್ ಯೋಳ್ತೋ ಅದೇ. ಈ ಕಾಲ್ದಾಗೆ ಅಂತೋರು ಎಲ್ ಸಿಗ್ತಾರೆ ಯೋಳಿ?”

ಬಸ್ಸಿನ ಜನ ತಿರುಗಿ ತಿರುಗಿ ಅಂಥ ಮನುಷ್ಯನನ್ನು ನೋಡಿದರು. ಒಬ್ಬರು ಎದ್ದು ಕಿಟಕಿ ಪಕ್ಕದ ಸೀಟನ್ನೇ ಬಿಟ್ಟುಕೊಟ್ಟರು. ಜೋಡಿಸಿಕೊಂಡು ಬಂದ ಮಾತೆಲ್ಲ ಅಮೃತೇಶನ ಬಾಯಲ್ಲಿ ಕೈಜಾರಿದ ಅಚ್ಚಿನ ಮೊಳೆಗಳ ಹಾಗೆ ಚೆಲ್ಲಾಪಿಲ್ಲಿಯಾಯಿತು. ಬೈದಿದ್ದರೆ ಹೇಳಿಬಿಡುತ್ತಿದ್ದ. ಹೊಗಳಿದವಳ ಎದುರು ಹೇಗೆ ಬಾಯಿ ಬಿಡುವುದು? ಇಡೀ ದಾರಿ ಕಿಟಕಿಯಾಚೆಯ ಗದ್ದೆ ನೋಡಿಕೊಂಡು ಕೂತ. ಇಳಿಯುವಾಗ ಅವಳು, “ಭಾನ್ವಾರ ಬತ್ತೀನಿ ಅಣ್ಣಾ” ಎಂದಳು. ತಲೆಯಾಡಿಸಿದ.

ಆಲೆಮನೆಯಲ್ಲಿ ಇನ್ನೂ ಕೇಡು ಕಾದಿತ್ತು. ಗಾಣದವರು, ಒಲೆಗೆ ಹಿಂಡಿದ ಕಬ್ಬಿನ ರಚ್ಚು ಹಾಕುವವರು ಎಲ್ಲರಿಗೂ ಗಜಗಂಭೀರನ ಹದಿನೇಳು ಗೊತ್ತು. ವಾರದಲ್ಲಿ ಕಮರಿ ಕನ್ನಂಬಾಡಿಯಷ್ಟು ಆಳವಾಗಿ, ಅದರೊಳಗೆ ಮೊಸಳೆ ಸೇರಿಕೊಂಡು, ಸೇತುವೆ ಒಂದೇ ಹಗ್ಗದ ಮೇಲೆ ನಿಂತಿತ್ತು.

“ಬೀಗ್ರೇ, ಅದೃಷ್ಟ ಅಂದ್ರೆ ಅದೃಷ್ಟ! ನಾನೂ ಭಾನ್ವಾರ ಬತ್ತೀನಿ” ಎಂದು ಮಾದಯ್ಯನವರು ಬಿಸಿ ಬೆಲ್ಲದ ಉಂಡೆ ಅವನ ಬಾಯಿಗಿಟ್ಟರು. ಬಾಯಿ ತುಂಬ ಬೆಲ್ಲವಿದ್ದವನು ಏನು ಹೇಳಿಯಾನು?

ಭಾನುವಾರ ಎಲ್ಲರೂ ಸೇರಿದರು. ಗೌತಮಿ ಹೊಸ ಹಾಳೆ ತಂದಿದ್ದಳು.

“ಈ ಸಲ ವೈದ್ಯೆ ಅಣ್ಣಾ. ಕಳ್ಳತನ ಸಾಕು. ಬಿದ್ದೋರನ್ನ ಎತ್ತೋ ಕಸುಬೇ ಇರ್ಲಿ.” ಹಾಳೆಯನ್ನು ಗಣಪತಿಯ ಮುಂದೆ ತಳ್ಳಿದಳು. “ಇವಳ ಆಯಸ್ಸಿನ ದಾಳ ನಾನು ಆಕಲ್ಲ. ನೀವೇ ಮರೇಲಿ ಆಕಿ ಯೋಳ್ಬುಡಿ. ನೀವು ಯೋಳಿದ್ದೇ ಸರಿ.”

ಅಮೃತೇಶ ದಾಳ ಹಿಡಿದ. ಉರುಳಿಸಿದ. ಎಷ್ಟು ಬಿತ್ತೆಂದು ಅವನಿಗೇ ಕಾಣಲಿಲ್ಲ, ಕನ್ನಡಕದೊಳಗೆ ಅಷ್ಟು ಮಂಜು. ಎಷ್ಟಾದರೂ ಬಿದ್ದಿರಲಿ, ತಾನು ಹೇಳಿದ್ದನ್ನು ಈ ಹುಡುಗಿ ದೇವರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಬರೆದುಕೊಳ್ಳುತ್ತಾಳೆ. ಅದನ್ನು ತಡೆದುಕೊಳ್ಳುವ ಶಕ್ತಿ ಅವನಲ್ಲಿರಲಿಲ್ಲ. ಎರಡೂ ಕೈಯಿಂದ ರಟ್ಟಿನ ಮರೆಯನ್ನು ಮಡಿಸಿ ಮೇಜಿನ ಕೆಳಗಿಟ್ಟ.

“ಬೀಗ್ರೇ, ಅವತ್ತು ನಿಮಗೆ ಬಿದ್ದಿದ್ದು ಹದಿನೇಳಲ್ಲ. ಒಂದು” ಎಂದ. “ಸುಳ್ಳು ಹೇಳಿದೆ. ನೀವು ಬೀಳ್ಬೇಕಿತ್ತು. ನೀವು ಬಿದ್ದಿದ್ರೆ ಹಲಗೆ ಗುಟ್ಟು ತಿಳೀತಿತ್ತು. ಚುಕ್ಕಿ ದಡದಲ್ಲೇ ಇರ್ತಿದ್ಳು.”

ಮಾದಯ್ಯನವರು ಮೊದಲು ತಮಾಷೆಯೆಂದುಕೊಂಡರು. ಆಮೇಲೆ ಮುಖದ ಬಣ್ಣ ಇಳಿಯಿತು. “ಅಂದ್ರೆ... ನಾನು ಸತ್ತು ವಾರ ಆಯ್ತು ಅನ್ನಿ! ಆಲೆಮನೇಲಿ ಎಲ್ಲಾರ್ಗೂ ಯೋಳ್ಕಂಡು ಕುಣ್ದುಬುಟ್ನಲ್ರೀ!” ಅವರು ನಗಲು ಹೋದರು, ನಗು ಬರಲಿಲ್ಲ. “ನಾನ್ ಕೇಳುದ್ನಾ ಬೀಗ್ರೇ, ಉಳ್ಸಿ ಅಂತ? ಆ ಮಗೀನ ಉಸುರು ತಂದು ನನ್ ಎಲೇಗೆ ಬಡ್ಸುಬುಟ್ರಲ್ಲ. ಇದ ಉಂಡು ಎಂಗ್ ಅರಗುಸ್ಕಳ್ಳಾದು?” ಗಜಗಂಭೀರನ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡು, “ಸತ್ತೋನ ಶಿವಗಣಾರಾಧನೆ ಊರಲ್ಲಿ ಮಾಡ್ಕತೀನಿ” ಎಂದು ಕೂತಲ್ಲೇ ಕೂತರು.

ಕೃಷ್ಣಕುಮಾರ ಕೆಮ್ಮಿದ. ಗೌತಮಿ ಬೈಯಲಿ ಎಂದು ಅಮೃತೇಶ ನಂಜುಂಡೇಶ್ವರನಿಗೆ ಮನಸ್ಸಿನಲ್ಲೇ ಉರುಳುಸೇವೆ ಹೇಳಿಕೊಂಡ.

“ನಂಗೆ ಎರಡು ಬಿದ್ದಿದ್ದು ನಿಜಾನೇನಾ?” ಎಂದು ಗೌತಮಿ ಕೇಳಿದಳು.

“ನಿಜ.”

“ಯಜಮಾನ್ರಿಗೆ ಯೋಳ್ದಂಗೆ ನಂಗೂ ಅದ್ನೇಳು ಅನ್ಬೋದಿತ್ತು.”

“ಅನ್ಬೋದಿತ್ತು.”

“ಯಾಕೆ ಅನ್ಲಿಲ್ಲ?”

ಅವನು ಹುಡುಕಿದ. ಬಾಯಿಗೆ ಸಿಕ್ಕಿದ ಉತ್ತರ ನಿಜವಾದದ್ದೇ, ಅದಕ್ಕೇ ಇನ್ನಷ್ಟು ಕೆಟ್ಟದ್ದು. “ಅವರು ಬೀಗರು ಕಣಮ್ಮ. ನೀನು ನಮ್ಮೋಳು. ನಮ್ಮೋಳು ತಾನೆ, ನೊಂದ್ಕೊಂಡ್ರೂ ಬಿಟ್ಟು ಹೋಗಲ್ಲ ಅಂತ...”

“ನಮ್ಮೋರಾದ್ರೆ ಸಾಯ್ಬೋದು ಅಂತನಾ ಅಣ್ಣಾ?”

ಸರ್ವಮಂಗಳಾ ಬಾಗಿಲಲ್ಲೇ ನಿಂತಳು. ಮೂವತ್ತು ವರ್ಷದ ಸಂಸಾರದಲ್ಲಿ ಬಂದವರಿಗೆಲ್ಲ ಬಿಸಿ ಅನ್ನ ಬಡಿಸಿ, ತಾನು ತಳದ ಸೀಕಲು ಉಂಡವಳು ಅವಳು. ಗಂಡನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಅಮೃತೇಶನಿಗೆ ಆ ನೋಟವೂ ಬಿತ್ತು, ಎರಡರ ಮೇಲೆ ಇನ್ನೊಂದು ಎರಡು.

ಚುಕ್ಕಿಯನ್ನು ಬದುಕಿಸೋಣವೆಂದು ನಂದಿತಾ ಹೇಳಿದಳು. ನಿಯಮದ ಪುಸ್ತಕ ತೆಗೆದರೆ ಅದರಲ್ಲಿ ರಾಕ್ಷಸರಿಗೆ ಒಂದು ಅಧ್ಯಾಯ, ಶಾಪಗಳಿಗೆ ಒಂದು ಅಧ್ಯಾಯ. ಬೀಗರ ಅಧ್ಯಾಯವೇ ಇರಲಿಲ್ಲ. ಬರೆದವನಿಗೆ ಅಂಥದೊಂದು ಪ್ರಾಣಿ ಇದೆಯೆಂದು ಗೊತ್ತಿರಲಿಕ್ಕಿಲ್ಲ.

“ಬ್ಯಾಡ ನಂದಿತಾ” ಎಂದಳು ಗೌತಮಿ. “ಎರಡು ಬಿದ್ದಿದ್ದು ಎರಡೇ. ಅದನ್ನೂ ಸುಳ್ಳು ಮಾಡದ್ ಬ್ಯಾಡ.” ಎದ್ದು ಮೇಜಿನ ಈಚೆ ಬದಿಗೆ ಬಂದು, ದಾಳದ ಚೀಲ ಎತ್ತಿಕೊಂಡಳು. “ಇವತ್ತು ನಾನು ಆಡುಸ್ತೀನಿ. ಎಲ್ಲಾ ದಾಳನೂ ಮೇಜಿನ ಮೇಲೇ, ಎಲ್ಲರ ಕಣ್ಮುಂದೆ.”

ಅಮೃತೇಶ ಜಾಗ ಬಿಟ್ಟು ಆಚೆ ಬದಿಗೆ ಹೋಗಿ ಕೂತ. ಆ ಕಡೆಯಿಂದ ಅವನು ಎಂದೂ ಆಡಿದವನಲ್ಲ. ಮೇಜು ಆ ಬದಿಯಿಂದ ಬಹಳ ಅಗಲವಾಗಿ ಕಂಡಿತು. ಗೌತಮಿ ಒಂದು ಖಾಲಿ ಹಾಳೆ ಅವನತ್ತ ಸರಿಸಿದಳು.

“ಕಸುಬು ಯಾವುದು?”

“ಕಳ್ಳ” ಎಂದ. ಸ್ವಲ್ಪ ನಗಿಸಲು ನೋಡಿ, “ಬೇರೆ ಕಸುಬಿನಲ್ಲಿ ಅನುಭವ ಸಾಲದು” ಎಂದು ಸೇರಿಸಿದ. ಮಾದಯ್ಯನವರ ಮೀಸೆ ಕೂಡ ಅಲುಗಲಿಲ್ಲ.

“ಆಯಸ್ಸಿನ ದಾಳ ಆಕಿ ಸಾ” ಎಂದಳು ಗೌತಮಿ.

ಸಾ. ದಿನಕ್ಕೆ ನೂರಾರು ಪ್ರಯಾಣಿಕರಿಗೆ ಅವಳು ಚಿಲ್ಲರೆ ಕೊಟ್ಟ ಹಾಗೆ ಕೊಡುವ ಮಾತು ಅದು. ಅವನು ಅದನ್ನು ಚಿಲ್ಲರೆಯ ಹಾಗೆಯೇ ತೆಗೆದುಕೊಂಡು, ದಾಳ ಹಾಕಿದ. ಅದು ಮೇಜಿನ ತುದಿಯವರೆಗೆ ಉರುಳಿ ಹೋಗಿ, ಬೀಳುವ ಹಾಗೆ ಮಾಡಿ, ನಿಂತಿತು.

“ನಾಲ್ಕು” ಎಂದು ಓದಿದ.

ಗೌತಮಿ, ಕೃಷ್ಣಕುಮಾರ, ಬೀಗರು, ಸ್ವಂತ ಮಗಳು, ಎಲ್ಲರ ತಲೆಗಳೂ ಒಟ್ಟಿಗೆ ಮೇಜಿನ ಮೇಲೆ ಬಾಗಿದವು, ಅದು ನಾಲ್ಕು ಹೌದೇ ಎಂದು ನೋಡಲು.